ಸಂಜೆಯ ಹೊಲಿಗೆ ಮೆಷಿನ್

ನವೆಂಬರ್ ೧೨, ಬುಧವಾರ

ಟೈಲರಮ್ಮ ಇನ್ನು ವರ್ಕ್‌ಶಾಪಿಗೆ ಬರುವುದಿಲ್ಲ.

ಸಂಜೆ ಬಂದವರು ಕೂರಲೇ ಇಲ್ಲ. "ಸ್ವಂತ ಮೆಷಿನ್ ತಗೊಂಡೆ, ಸರ್. ಇಲ್ಲಿ ನನ್ನ ಸಂಜೆ ಸರದಿ ಬೇರೆಯವರಿಗೆ ಕೊಟ್ಬಿಡಿ" ಅಂದರು. ಮುಖದ ತುಂಬ ನಗು. ವರ್ಕ್‌ಶಾಪಿನಲ್ಲಿ ನಾವು ಎಲ್ಲರೂ ಸರದಿ ಮೇಲೆ ಬಳಸುವ ಸಾಮಾನು ಇಟ್ಟುಕೊಂಡಿರುವುದೇ ಇದಕ್ಕೆ, ಒಬ್ಬೊಬ್ಬರೂ ತಮ್ಮ ಕಾಲ ಮೇಲೆ ನಿಲ್ಲಲಿ ಅಂತ. ಖುಷಿಯಾಗಬೇಕಿತ್ತು. ಆಯಿತು ಕೂಡ.

ಆದರೆ ದಿನಾ ಅವರು ಬರುವ ಮುಂಚೆ ಇಲ್ಲಿನ ಹೊಲಿಗೆ ಮೆಷಿನ್ ಒರೆಸಿ, ಎಣ್ಣೆ ಬಿಟ್ಟು, ದೀಪವನ್ನು ಸೂಜಿಯ ಕಡೆ ತಿರುಗಿಸಿ ಇಡುತ್ತಿದ್ದೆ. ಡ್ರಿಲ್ಲಿಗೆ, ಗರಗಸಕ್ಕೆ ಅಷ್ಟು ಉಪಚಾರ ಎಂದೂ ಮಾಡಿದವನಲ್ಲ. ದಾರ ಕಿತ್ತುಹೋದರೆ ಅವರು ಮಗುವನ್ನು ಗದರಿಸಿದ ಹಾಗೆ ಮೆಷಿನನ್ನು ಗದರುತ್ತಿದ್ದರು. ಹೆಂಡತಿ ಹೋದ ಮೇಲೆ ನನ್ನ ಮನೆಯಲ್ಲಿ ಗದರುವವರೂ ಇಲ್ಲ.

ಆಗಾಗ ಬರ್ತಾ ಇರಿ ಅನ್ನೋಣ ಅಂತ ಬಾಯಿ ತೆರೆದೆ. "ಎಣ್ಣೆ ಬಿಡೋದು ಮರೀಬೇಡಿ" ಅಂತ ಬಂತು.

ಅವರು ಅತ್ತ ಹೋದದ್ದೇ ತಡ, ಚೀಲ ಹೊಲಿಯುವಾಕೆ ಬಂದು, "ಅಣ್ಣಾ, ಸಂಜೆ ಮೆಷಿನ್ ಖಾಲಿನಾ?" ಅಂತ ಕೇಳಿದಳು.

"ರಿಪೇರಿ ಇದೆಯಮ್ಮ" ಅಂದೆ.

ಏನೂ ಕೆಟ್ಟಿಲ್ಲ ಅದಕ್ಕೆ. ಪಾಪ, ಅವಳಿಗೂ ಹೊಟ್ಟೆಪಾಡು. ನಾಳೆ ಕರೆದು ಕೊಡುತ್ತೇನೆ, ಕೊಡಲೇಬೇಕು. ಆದರೆ ಸಂಜೆ ಬಾಗಿಲು ಸದ್ದಾದರೆ ತಲೆ ಎತ್ತದೆ ಇರೋದು ಹೇಗೆ ಅಂತ ಮಾತ್ರ ಗೊತ್ತಾಗುತ್ತಿಲ್ಲ.