ದೂರದಲ್ಲಿದ್ದವನ ಪಾಲು

ಕುಮಟಾ ತಾಲೂಕು
೧೯ ನವೆಂಬರ್ ೨೦೨೪, ಮಂಗಳವಾರ

ನಿನ್ನೆ ಕುಮಟಾದಲ್ಲಿ ತೀರದ ಬೇಲಿಯ ಬಗ್ಗೆ ಅಹವಾಲು ಸಭೆ ಮುಗಿಯಿತು. ನೀನು ಮನೆಗೆ ಬಾರದೆ ಪುಣೆಗೆ ಹೊರಟುಹೋದೆ.

ತಮ್ಮ ಕಮಲಾಕರನಿಗೆ,

ಅಕ್ಕನ ಆಶೀರ್ವಾದ. ಸೇನಾ ಅಂಚೆಗೆ ಬರೆಯುತ್ತಿದ್ದಾಗ ಮೊದಲು ನಿನ್ನ ಆರೋಗ್ಯ ಕೇಳುತ್ತಿದ್ದೆ. ಈ ಸಲ ಕೇಳುವುದಿಲ್ಲ. ವೇದಿಕೆಯ ಮೇಲೆ ನೀನು ಚೆನ್ನಾಗಿಯೇ ಕಂಡೆ.

ನಾನು ಹಿಂದಿನ ಸಾಲಿನಲ್ಲಿ ನೆರೆಮನೆಯ ಮಂಜಿಯ ಪಕ್ಕ ಕುಳಿತಿದ್ದೆ. ನಿನ್ನನ್ನು ಪರಿಚಯಿಸಿದವರು ಬಹಳ ಹೊತ್ತು ತೆಗೆದುಕೊಂಡರು. ನಮ್ಮ ತೀರದಿಂದ ಹೋದ ಮೊದಲ ಸೇನಾಧಿಕಾರಿ, ಹೆಗಲಿಗೆ ಗುಂಡು ತಗಲಿದರೂ ಹಿಮದ ಗುಡ್ಡ ಬಿಟ್ಟು ಇಳಿಯದ ಮೇಜರ್, ವೀರಚಕ್ರ, ಕೊನೆಗೆ ಲೆಫ್ಟಿನೆಂಟ್ ಜನರಲ್. ಎಲ್ಲ ನಿಜ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಿವೃತ್ತಿಯ ಮೇಲೆ ನೀನು ರೆಸಾರ್ಟ್ ಕಂಪನಿಯ ನಿರ್ದೇಶಕನಾಗಿರುವುದನ್ನು ಮಾತ್ರ ಅವರು ಬೇಗ ಹೇಳಿ ಮುಗಿಸಿದರು.

ಆಮೇಲೆ ನೀನು ಎದ್ದು, ಗಾಳಿಮರದ ತೋಪಿನಿಂದ ಬಂಡೆಯವರೆಗಿನ ದಡಕ್ಕೆ ಕಂಪನಿ ಬೇಲಿ ಹಾಕಲು ಅಭ್ಯಂತರವಿಲ್ಲ ಎಂದೆ. ನಿರ್ದೇಶಕನಾಗಿ ಹಾಗೆ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ನೀನು ಹೇಳಿದ್ದು ಬೇರೆ: "ಈ ತೀರದ ರಂಪಣಿ ಬಲೆಯಲ್ಲಿ ನನಗೆ ಇಂದಿಗೂ ಪಾಲಿದೆ. ಪಾಲುದಾರನಾಗಿ ನಾನು ಒಪ್ಪಿದ್ದೇನೆ."

ಸಭೆ ನಡೆಸುತ್ತಿದ್ದ ಅಧಿಕಾರಿ ಅದನ್ನು ಬರೆದುಕೊಂಡರು. ನಮ್ಮವರು ಒಬ್ಬರೂ ಏಳಲಿಲ್ಲ. ಬಲೆ ಇಡುವ ಚಪ್ಪರದಲ್ಲಿ ನಿನ್ನ ಫೋಟೋ ತೂಗುಹಾಕಿದವರು ನಿನ್ನೆದುರು ಹೇಗೆ ಏಳುತ್ತಾರೆ?

ಆ ಪಾಲು ಹೇಗೆ ಬಂತೆಂಬುದು ನಿನಗೆ ಮರೆತಿರಲಿಕ್ಕಿಲ್ಲ. ರಂಪಣಿ ಒಬ್ಬರ ಬಲೆಯಲ್ಲ, ಮನೆಗೊಂದು ತುಂಡು ಸೇರಿಸಿ ಕಟ್ಟಿದ್ದು. ತುಂಡು ಕೊಟ್ಟ ಮನೆಗೊಂದು ಪಾಲು, ಆ ಮನೆಯಿಂದ ಬಂದು ದಡದಲ್ಲಿ ಹಗ್ಗ ಎಳೆದವನಿಗೊಂದು ಪಾಲು. ನೀನು ಸೈನ್ಯಕ್ಕೆ ಹೋದ ವರ್ಷ ನಮ್ಮ ಮನೆಯಲ್ಲಿ ಎಳೆಯುವ ಗಂಡಸು ಉಳಿದಿರಲಿಲ್ಲ. ಅಪ್ಪ ಅದರ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದ. ಎಳೆಯದವನಿಗೆ ಎಂತ ಪಾಲು ಎಂದು ಯಾರೋ ಕೇಳಿದರು. ಬಲೆಯ ಉಸ್ತುವಾರಿ ನೋಡುವ ಮಾಬ್ಲಣ್ಣ ಆಗ ಹೇಳಿದ್ದು: "ಅಂವ ಅಲ್ಲಿ ಎಳೂದು, ನಾವು ಇಲ್ಲಿ ಎಳೂದು. ಹಗ್ಗ ಒಂದೇಯ."

ನೀನು ಕ್ಯಾಪ್ಟನ್ ಆದಾಗ, ಕರ್ನಲ್ ಆದಾಗ, ಮೀನೇ ಬರದ ವರ್ಷಗಳಲ್ಲೂ ನಿನ್ನ ಪಾಲು ಬಾಗಿಲಿಗೆ ಬಂತು. ರಜೆಯಲ್ಲಿ ನೀನು ಲುಂಗಿ ಎತ್ತಿಕಟ್ಟಿ ಹಗ್ಗಕ್ಕೆ ಕೈ ಹಾಕುತ್ತಿದ್ದೆ. ಸಾಹೇಬರು ಹಗ್ಗ ಎಳೆಯುವುದು ಮೀಸೆ ನೀವಿದ ಹಾಗಿದೆ ಎಂದು ಮಂಜಿ ಛೇಡಿಸುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನೀನೇ.

ಅದು ಹಕ್ಕಲ್ಲ, ಕಮಲಾಕರ. ಪ್ರೀತಿಯಿಂದ ತೆಗೆದಿಟ್ಟದ್ದು. ಅವರು ಕೊಟ್ಟದ್ದನ್ನೇ ಹಿಡಿದು ನೀನು ಅವರ ತೀರವನ್ನು ಕೊಟ್ಟುಬಿಟ್ಟೆ. ಶತ್ರುವೂ ಹೀಗೆ ಬರುವುದಿಲ್ಲ, ಉಂಡ ತಟ್ಟೆಯನ್ನೇ ಹಕ್ಕುಪತ್ರ ಮಾಡಿಕೊಂಡು. ಬಲೆ ಎಳೆಯುವವರು ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯಬೇಕು. ಬೆನ್ನಿಗೆ ನಿನ್ನ ಬೇಲಿ ತಾಗಿದ ಮೇಲೆ ಎಲ್ಲಿಗೆ ನಡೆಯಬೇಕು?

ಬಸ್ಸಿನಿಂದ ಇಳಿಯುವಾಗ ಮಂಜಿ ಕೇಳಿದಳು: "ನಾಗಕ್ಕ, ಆ ಹಿಮದ ಗುಡ್ಡ ಬಿಡ್ಲಿಲ್ಲ ಅಂದ್ರಲ್ಲ, ಅಲ್ಲಿ ಯಾರ ಮನೆ ಇತ್ತು ಮಾರಾಯ್ತಿ?" ಇಷ್ಟು ವರ್ಷ ನಿನ್ನ ಬಗ್ಗೆ ಯಾರು ಏನು ಕೇಳಿದರೂ ಹೆಮ್ಮೆಯಿಂದ ಹೇಳುತ್ತಿದ್ದವಳು ಚೀಲ ಎತ್ತಿಕೊಂಡು ಅವಳಿಗಿಂತ ಮೊದಲೇ ಇಳಿದುಬಿಟ್ಟೆ.

ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊ. ಈ ವಾರದೊಳಗೆ, ಅದೇ ಅಧಿಕಾರಿಗೆ, ಲಿಖಿತವಾಗಿ. ಕಂಪನಿಯವನಾಗಿ ಏನು ಬೇಕಾದರೂ ಹೇಳು. ರಂಪಣಿಯ ಹೆಸರು ಎತ್ತಬೇಡ.

ಇನ್ನೂ ನಿನ್ನ ಅಕ್ಕನೇ ಆಗಿರುವ
ನಾಗಿ

ಸಹಿ ಹಾಕಿದ ಮೇಲೆ ಬರೆದದ್ದು: ಲಕೋಟೆ ಹುಡುಕುತ್ತಿದ್ದಾಗ ಮಾಬ್ಲಣ್ಣ ಬಂದರು. ಬುಟ್ಟಿಯಲ್ಲಿ ಬಂಗಡೆ, ಇವತ್ತಿನ ಬಲೆಯಲ್ಲಿ ನಿನ್ನ ಪಾಲು. ನಿನ್ನೆ ಸಭೆಯಲ್ಲಿ ಅವರೂ ಇದ್ದರು, ಎಲ್ಲವನ್ನೂ ಕೇಳಿದ್ದರು. ಬೇಡ, ತೆಗೆದುಕೊಂಡು ಹೋಗಿ ಎಂದೆ. "ಅಂವ ತಪ್ದ ಅಂತ ನಾವೂ ತಪ್ಪೂಕಾತದ್ಯಾ?" ಎಂದು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಹೋದರು.

ಅವರಾಗಿ ನಿನ್ನ ಪಾಲು ನಿಲ್ಲಿಸುವುದಿಲ್ಲ. ಹಾಗಾಗಿ ನಿನ್ನ ಉತ್ತರಕ್ಕೆ ಕಾಯುವುದಿಲ್ಲ. ಬಲೆಯಲ್ಲಿ ತುಂಡಿಲ್ಲದ ಮನೆಗೆ ಪಾಲೂ ಇಲ್ಲ, ಮಾತೂ ಇಲ್ಲ. ನಮ್ಮ ತುಂಡನ್ನು ಮೊದಲು ಹೆಣೆದವಳು ಅವ್ವ. ಅದು ಹಳತಾಗಿ ಹರಿದಾಗಲೆಲ್ಲ ಹೊಸದು ಹೆಣೆದವಳು ನಾನು. ನಾಳೆ ಬೆಳಿಗ್ಗೆ ದೋಣಿಗೆ ಬಲೆ ತುಂಬುವ ಮೊದಲು, ಎಲ್ಲರ ಎದುರಿಗೆ, ಅದನ್ನು ಬಿಚ್ಚಿ ತೆಗೆಯುತ್ತೇನೆ. ನಿನ್ನ ಪಾಲಿನ ಜೊತೆ ನನ್ನದೂ ಹೋಗುತ್ತದೆ, ಹೋಗಲಿ. ಅಲ್ಲಿಂದ ನೇರ ಆ ಅಧಿಕಾರಿಯ ಕಚೇರಿಗೆ ಹೋಗಿ, ಕಮಲಾಕರ ಎಂಬ ಪಾಲುದಾರ ನಮ್ಮ ತೀರದಲ್ಲಿ ಇಲ್ಲ ಎಂದು ಹೇಳುತ್ತೇನೆ.

ಬಿಚ್ಚಿದ ಜಾಗದಲ್ಲಿ ಎರಡು ಕಡೆಯ ಬಲೆಯನ್ನು ಸೇರಿಸಿ ಕಟ್ಟಲು ನೂಲು ತೆಗೆದಿಟ್ಟಿದ್ದೇನೆ.