ಅರ್ಧ ಗೋಡೆಯ ಆಚೆ

೧೬ ಫೆಬ್ರವರಿ ೨೦೨೫, ಭಾನುವಾರ. ಕೈಲಾಂಚ

ಸೋಪು ಹಾಕಿ ಮೂರು ಸಲ ತೊಳೆದರೂ ಕೈ ನಾರುತ್ತಿದೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡೋದು, ಕಳೆದು, ಇನ್ನು ಮೂರು ದಿನಕ್ಕೆ ಗೂಡು ಕಟ್ಟಬೇಕಿದ್ದ ರೇಷ್ಮೆಹುಳಗಳೆಲ್ಲ ಹಸಿರು ನೀರು ಕಕ್ಕಿ ಸತ್ತವು. ಅತ್ತೆ ಕೈಕಾಲು ತೊಳೆಯದೆ ಹುಳುಮನೆಗೆ ಕಾಲಿಡಲ್ಲ. ನಾನೋ, ಅದೇ ಹುಳುಮನೆಯಲ್ಲಿ ತಲೆಮಟ್ಟ ದಾಟಿದರೂ ಸೂರಿಗೆ ಮುಟ್ಟದ ಅರ್ಧ ಗೋಡೆ ಎಬ್ಬಿಸಿ ಬೆಂಗಳೂರಿನವರಿಗೆ ಹೋಂಸ್ಟೇ ಮಾಡಿದೆ.

ನಿನ್ನೆ ಬಂದ ಗಂಡ ಹೆಂಡತಿ ಬೆಟ್ಟ ನೋಡಿ, ಹಿಪ್ಪುನೇರಳೆ ತೋಟದಲ್ಲಿ ಫೋಟೋ ತೆಗೆದುಕೊಂಡು, 'ಪ್ಯೂರ್ ನೇಚರ್' ಅಂದರು. ಸಂಜೆ ಸೊಳ್ಳೆ ಬಂತೆಂದು ರೂಮಿಗೆಲ್ಲ ಸ್ಪ್ರೇ ಹೊಡೆದರು. ಅವರಿಗೇನು ಗೊತ್ತು? ಹುಳ ಅಂದರೆ ಅಸಹ್ಯಪಟ್ಟಾರು ಅಂತ, ಗೋಡೆಯಾಚೆ ಸ್ಟೋರ್ ರೂಮಿದೆ ಅಂದವಳು ನಾನೇ.

ಬೆಳಿಗ್ಗೆ ಅತ್ತೆ ಹುಳದ ತಟ್ಟೆ ಮುಂದೆ ಕೂತು, "ಕೋಳಿಗೂ ಹಾಕ್ಬ್ಯಾಡ ಕಣವ್ವ, ಇಸ ಐತೆ. ಗುಂಡಿ ತೋಡು" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗುಂಡಿ ಮುಚ್ಚಿ ಬರುವಷ್ಟರಲ್ಲಿ ಆಯಮ್ಮ ಕಾರು ಹತ್ತುತ್ತಾ, "ಇಲ್ಲಿ ಒಳ್ಳೆ ರೇಷ್ಮೆ ಸೀರೆ ಎಲ್ಲಿ ಸಿಗುತ್ತೆ?" ಅಂತ ಕೇಳಿದಳು.

ಕೈ ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ನಗುನಗುತ್ತಾ ಅಂಗಡಿ ಹೆಸರು ಹೇಳಿದೆ. ಥೂ.