ಉತ್ತರದ ಗೋಡೆಯ ಆರು ಕಿಟಕಿ

ಜೇವರ್ಗಿ
೨೧ ಫೆಬ್ರುವರಿ ೨೦೨೫

ನನ್ನ ಜಸ್ಮೀನ,

ನಿನ್ನ ಅಮ್ಮ, ನನ್ನ ಚಾಂದಬೀ ಖಾಲಾ ಹೋಗಿ ವರ್ಷವಾಯಿತು. ಮಣ್ಣಿಗೆ ನಾನು ಬರಲಿಲ್ಲವೆಂದು ನೀನು ಮಾತು ಬಿಟ್ಟೆ. ಫೋನಾದರೆ ನಡುವೆ ಕಟ್ ಮಾಡೀಯೆಂದು ಈ ಕಾಗದ ಬರೆಯಾಕತ್ತೇನಿ.

ಇಲ್ಲಿ ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವ ಹೆಣ್ಣುಮಕ್ಕಳ ಸಂಘಕ್ಕೆ ನಾನೇ ನಕ್ಷೆ ಹಾಕಿ ಒಂದು ಕಟ್ಟಡ ಕಟ್ಟಿಸುತ್ತಿದ್ದೇನೆ. ಇಪ್ಪತ್ತು ಮಂದಿ ಕೂಡುವಂಥ ಒಂದೇ ದೊಡ್ಡ ಕೋಣೆ. ನಮ್ಮ ಕಡೆಯ ಬಿಸಿಲು ನಿನಗೆ ಗೊತ್ತೇ ಇದೆ. ಬೆಳಕು ಬರಬೇಕು, ಝಳ ಬರಬಾರದು. ಅದಕ್ಕೇ ಮೊದಲು ಕಂಪ್ಯೂಟರಿನಲ್ಲಿ ಕಟ್ಟಡ ಎಬ್ಬಿಸಿ, ವರ್ಷವಿಡೀ ಸೂರ್ಯ ಎಲ್ಲೆಲ್ಲಿ ಹಾಯುತ್ತಾನೆಂದು ನೋಡಿ, ಕಿಟಕಿಗಳನ್ನು ನೂರಾರು ಸಲ ಅತ್ತಿತ್ತ ಸರಿಸಿದೆ. ಕೊನೆಗೆ ಉತ್ತರದ ಗೋಡೆಯಲ್ಲಿ ಆರು ಕಿಟಕಿ ನಿಂತವು. ಪರದೆಯ ಮೇಲೆ ಕೋಣೆಯೆಲ್ಲ ಒಂದೇ ಸಮ ಬೆಳಗಿತ್ತು.

ಹೋದ ತಿಂಗಳು, ಗೋಡೆಗೆ ಸಿಮೆಂಟಿನ ಗಿಲಾವು ಬಳಿಯುವ ಮೊದಲು, ಹೆಂಗಸರನ್ನು ಕರೆಸಿದೆ. ಚಾಪೆ ಹಾಸಿ ಆ ಗೋಡೆಗುಂಟ ಕೂತರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಬಾಗಿಲ ಕಡೆ ಸರಿದರು. ಎಲ್ಲರಿಗಿಂತ ಹಿರಿಯಳಾದ ಮಲ್ಕಮ್ಮ ನನ್ನ ಮುಖ ನೋಡದೆ ಹೇಳಿದಳು: “ಬೆಳಕು ನಮ್ಮ ತಲಿ ಮ್ಯಾಲಿಂದ ಹೋಗಾಕತ್ತೈತ್ರಿ ಬಾಯಾರ. ಸೂಜಿ ಕಣ್ಣು ಕಾಣವಲ್ದು.”

ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ತಪ್ಪು ಕಂಪ್ಯೂಟರಿನದಲ್ಲ. ನೆಲದಿಂದ ಎರಡೂವರೆ ಅಡಿ ಮೇಲೆ, ಮೇಜಿನ ಎತ್ತರದಲ್ಲಿ, ಬೆಳಕು ಅಳೆಯಲು ನಾನೇ ಹೇಳಿದ್ದೆ. ನೆಲದ ಮೇಲೆ ಕೂತು ಹೊಲಿಯುವವರನ್ನು ನಾನು ಮರೆತಿದ್ದೆ. ಯಾರು ಮರೆತರೂ ನಾನು ಮರೆಯಬಹುದಿತ್ತೇ?

ನಮ್ಮೂರು ಅಂದೋಲಾದ ನಿಮ್ಮ ಮನೆಯ ಬಾಗಿಲಲ್ಲಿ ಖಾಲಾ ನೆಲದ ಮೇಲೆ ಕೂತು ಹೊಲಿಯುತ್ತ, ಬಿಸಿಲಿನ ಪಟ್ಟಿ ಸರಿದಂತೆ ಕೌದಿಯನ್ನೂ ಎಳೆದುಕೊಳ್ಳುತ್ತಿದ್ದಳು. ಇನ್ನೊಂದು ತುದಿಯಲ್ಲಿ ಪುಸ್ತಕ ಹರವಿಕೊಂಡು ನಾವಿಬ್ಬರು. ಏಳಿರೆನ್ನದೆ ನಮ್ಮನ್ನೂ ಸೇರಿಸಿಯೇ ಎಳೆಯುತ್ತಿದ್ದಳು. ನಾವು ನಗುತ್ತ ಇನ್ನಷ್ಟು ಭಾರ ಬಿಡುತ್ತಿದ್ದೆವು. ಬೇರೆ ಮನೆಗಳಲ್ಲಿ ನಮ್ಮ ಕೇರಿಯ ಹುಡುಗಿಯಾದ ನಾನು ಹೊಸ್ತಿಲಾಚೆಗೇ ನಿಲ್ಲಬೇಕಿತ್ತು ಎಂಬುದು ನಿನಗೆ ಆಗ ತಿಳಿದಿತ್ತೋ ಇಲ್ಲವೋ.

ಗುತ್ತಿಗೆದಾರ ಸಿದ್ದಲಿಂಗ ಗೋಡೆ ಒಡೆಯಲು ಒಪ್ಪಲಿಲ್ಲ. ನಕ್ಷೆಯಂತೆಯೇ ಕಟ್ಟಿದ್ದೇನೆ, ಹೆಂಗಸರು ಹೊಂದಿಕೊಳ್ಳುತ್ತಾರೆ ಎಂದ. ಕೆಲಸದವರೆಲ್ಲರ ಮುಂದೆ, “ತಪ್ಪು ನಂದೈತ್ರಿ, ನಿಮ್ಮದಲ್ಲ,” ಎಂದು ನಾನು ಹೇಳಿದ ಮೇಲೆ ಗೋಡೆ ಒಡೆಯಲು ಆಳುಗಳಿಗೆ ಹೇಳಿದ. ಮತ್ತೆ ಹೊಸದಾಗಿ ಅಳೆದು, ಕಿಟಕಿಗಳನ್ನು ನೆಲದಿಂದ ಒಂದಡಿಗೆ ಇಳಿಸಿದೆ. ನಿನ್ನೆ ಮಲ್ಕಮ್ಮ ಮೊದಲ ಕಿಟಕಿಯ ಪಕ್ಕ ಕೂತು, ಯಾರನ್ನೂ ಕೇಳದೆ ಸೂಜಿಗೆ ದಾರ ಪೋಣಿಸಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದೆ.

ರವಿವಾರ ಬರ್ತೇನಿ. ಸಿಟ್ಟಿದ್ದರೆ ಬೈಯಿ, ಆದರೆ ಒಳಗೆ ಕರಿ.

ನಿನ್ನ
ಪಂಚಶೀಲಾ

ತಾ. ಕ.: ಖಾಲಾ ಇದನ್ನು ನಿನಗೆ ಹೇಳಿರಲಿಕ್ಕಿಲ್ಲ. ತೀರಿಕೊಳ್ಳುವ ಹಿಂದಿನ ವರ್ಷ ನನಗೆ ಫೋನ್ ಮಾಡಿ, “ಕಣ್ಣು ಮಂಜಾಗ್ಯಾವ ಬೇಟಿ, ಒಳಗಿನ ಖೋಲಿಗೊಂದು ಕಿಟಕಿ ಇಟ್ಟುಕೊಡು,” ಎಂದಿದ್ದಳು. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತ ಹೋದೆ. ಅವಳು ತೀರಿದ ದಿನ ಪುಣೆಯಲ್ಲಿದ್ದೇನೆ ಎಂದು ನಿನಗೆ ಸುಳ್ಳು ಹೇಳಿದೆ. ಕಲಬುರಗಿಯಲ್ಲೇ ಇದ್ದೆ, ಜಸ್ಮೀನ. ಆ ಕತ್ತಲ ಖೋಲಿಯಲ್ಲಿ ಅವಳನ್ನು ಮಲಗಿಸಿರುತ್ತೀರಿ ಎಂದುಕೊಂಡೆ. ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ.